ಮೇಸ್ತ್ರಿ ಗೂಡಿನಲ್ಲಿ ಕೂತದ್ದು

ಮರಿಹಕ್ಕಿಗಳಿಗೆಂದು ಮರಕುಟಿಗ ಮೇಸ್ತ್ರಿ ಆಲದ ಮರದಲ್ಲಿ ಶಾಲೆ ಕೊರೆಯುತ್ತಿದ್ದ. ಮೇಲಿನ ಪೊಟರೆಯಲ್ಲಿ ಕಾವಿಗೆ ಕೂತಿದ್ದ ಗೊರವಂಕ ಜಗಳಕ್ಕೆಂದೇ ಇಳಿದು ಬಂದಳು.

"ನಿಮ್ಮ ಬಡಿತಕ್ಕೆ ತಲೆ ಚಿಟ್ಟು ಹಿಡಿದಿದೆ, ಮೇಸ್ತ್ರಿ!"

"ಬಡಿಯುವವನ ಕಿವಿಗೆ ಬಡಿತ ಕೇಳಿಸದು ತಾಯಿ. ನಿಮ್ಮ ಗೂಡಿನಲ್ಲೇ ಕೂತು ನೋಡುತ್ತೇನೆ."

ಅವನು ಹೋಗಿ ಕೂತ. ಕೆಳಗೆ ಅವನ ಬದಲು ಅವನ ಹೆಂಡತಿ ಮರ ಕುಟ್ಟಿದಳು. ಅವನ ಹೊಟ್ಟೆಯಡಿ ಮೂರು ಮೊಟ್ಟೆಗಳು ಒಂದಕ್ಕೊಂದು ತಾಗಿ ಟಿಕ್ಕೆಂದವು. "ಸಾಕು, ನಿಲ್ಲಿಸೇ!" ಎಂದು ಮೇಸ್ತ್ರಿಯೇ ಚೀರಿದ.

ಮರಿಗಳು ಹೊರಬರುವವರೆಗೆ ಅವನು ಬಡಿಯಲಿಲ್ಲ. ಲಡ್ಡು ಹಿಡಿದು ಮೆತ್ತಗಾದ ಭಾಗವನ್ನಷ್ಟೇ ಸದ್ದಿಲ್ಲದೆ ಕೆರೆದ. ಶಾಲೆ ತಿಂಗಳು ತಡವಾಯಿತು. ಬೈಯಲು ಬಂದಿದ್ದ ಗೊರವಂಕ ಮರವೆಲ್ಲ ಸುತ್ತಿ ಅವನನ್ನು ಹೊಗಳಿದಳು.

ಮೊದಲ ದಿನ ಹಾಜರಿ ಕರೆದಾಗ ಅವಳ ಮೂರೂ ಮರಿಗಳು ಮರ ನಡುಗುವಂತೆ "ಬಂದಿದ್ದೇವೆ!" ಎಂದು ಅರಚಿದವು.

ಗೊರವಂಕ ನಾಚಿ, "ಸದ್ದು ಜಾಸ್ತಿಯಾಯಿತೇ ಮೇಸ್ತ್ರಿ?" ಎಂದಳು.

"ಈ ಸದ್ದಿಗೆಂದೇ ಅಲ್ಲವೇ ತಾಯಿ ಕಟ್ಟಿದ್ದು?"