ನಲವತ್ತನೆಯ ಬೇರಿನ ಬೆಲೆ

ಮುಂಗುಸಿಯೊಂದು ಮೂವತ್ತೊಂಬತ್ತು ಬೇರುಗಳನ್ನು ಅಗೆದು, ಅಗಿದು, ಉಗುಳಿ, ಕೊನೆಗೆ ನಲವತ್ತನೆಯ ಬೇರಿನಲ್ಲಿ ಹಾವಿನ ವಿಷಕ್ಕೆ ಮದ್ದು ಕಂಡುಹಿಡಿಯಿತು. ಅಷ್ಟು ದಿನವೂ ಅದಕ್ಕೆ ಹಣ್ಣು ಕೊಟ್ಟು ಸಾಕಿದ್ದು ಅಳಿಲು. ಮದ್ದು ಮಾರಿ ಬಂದದ್ದರಲ್ಲಿ ತನಗೂ ಪಾಲು ಸಿಗುತ್ತದೆಂಬ ಆಸೆ ಅದಕ್ಕೆ. ಮುಂಗುಸಿ ಒಂದು ಬೇರಿಗೆ ಒಂದು ಬುಟ್ಟಿ ಹಣ್ಣು ಎಂದು ಬೆಲೆ ಹೇಳಿತು.

"ಹಾವಿನಿಂದ ಕಚ್ಚಿಸಿಕೊಂಡವರು ಬುಟ್ಟಿ ಹಣ್ಣು ಎಲ್ಲಿಂದ ತರಬೇಕು?" ಎಂದು ಮೊಲಗಳು ಆನೆರಾಜನ ಮುಂದೆ ಅತ್ತವು.

"ನ್ಯಾಯವಾದ ಮಾತು," ಎಂದ ಆನೆ ಮುಂಗುಸಿಯನ್ನು ಕೇಳಿತು, "ಆ ಬೇರು ಅಗೆಯಲು ಎಷ್ಟು ಹೊತ್ತು ಹಿಡಿಯಿತು?"

"ಅರ್ಧ ದಿನ, ಪ್ರಭು."

"ಹಾಗಾದರೆ ಅರ್ಧ ದಿನದ ಕೂಲಿ. ಒಂದು ಬೇರಿಗೆ ಒಂದೇ ಹಣ್ಣು."

"ಉಳಿದ ಮೂವತ್ತೊಂಬತ್ತಕ್ಕೆ?"

"ಅವು ಮದ್ದೇ ಅಲ್ಲವಲ್ಲ! ಅವಕ್ಕೇಕೆ ಬೆಲೆ?"

ಮೊಲಗಳು ಕುಣಿದವು. ಎಲ್ಲರೂ ಬಲ್ಲ ನೂರು ಬಗೆಯ ಹಳೆಯ ಬೇರುಗಳ ಅಂಗಡಿ ಇಟ್ಟಿದ್ದ ಕರಡಿ, "ಅಪ್ಪಣೆ" ಎಂದು ತಲೆಬಾಗಿ ಎಂದಿನಂತೆ ವ್ಯಾಪಾರಕ್ಕೆ ಕೂತಿತು. ಅಳಿಲು ಮಾತ್ರ ಮುಂಗುಸಿಗೊಂದು ಕೈಮುಗಿದು, ತನ್ನ ಹಣ್ಣುಗಳನ್ನು ಎತ್ತಿಕೊಂಡು ಮರ ಹತ್ತಿತು.

ಮುಂದಿನ ತಿಂಗಳು ಆನೆಗೇ ಯಾರೂ ಕಂಡರಿಯದ ಜ್ವರ ಬಂತು. ಕರಡಿಯ ಅಂಗಡಿಯಲ್ಲಿ ಅದಕ್ಕೆ ಮದ್ದಿರಲಿಲ್ಲ. ಮುಂಗುಸಿಗೆ ಕರೆ ಹೋಯಿತು.

"ಬೇಗ ಒಂದು ಹೊಸ ಬೇರು ಹುಡುಕಯ್ಯಾ. ಬೆಲೆ ಗೊತ್ತಲ್ಲ, ಅರ್ಧ ದಿನದ ಕೂಲಿ."

"ಆಗಲಿ ಪ್ರಭು. ಆದರೆ ತಾವು ಇನ್ನೊಂದು ಆಜ್ಞೆಯನ್ನೂ ಹೊರಡಿಸಬೇಕು."

"ಏನೆಂದು?"

"ಮುಂಗುಸಿಯು ಮೊಟ್ಟಮೊದಲು ಅಗೆದ ಬೇರು ಕಡ್ಡಾಯವಾಗಿ ಮದ್ದಾಗಿರತಕ್ಕದ್ದು."