ಗೋಡೆಯ ಆಚೆ ನಿಂತ ಗಾಳಿ

"ಅಜ್ಜಾರೇ, ಕರೆಂಟಿನ ದರ ಮತ್ತೆ ಏರಿಸುತ್ತಾರಂತೆ. ನಾಳೆ ಜನರನ್ನು ಕರೆದು ಅಹವಾಲು ಕೇಳುತ್ತಾರೆ. ನಮ್ಮ ಓಣಿಯವರೆಲ್ಲ ನೀನೇ ಮಾತಾಡು ಅಂತ ನನ್ನನ್ನು ಮುಂದೆ ಮಾಡಿದ್ದಾರೆ. ಎಷ್ಟು ಇಳಿಸಿ ಅಂತ ಕೇಳಲಿ?"

ಹೀಗೆ ಕೇಳಿದವಳು ಹಿಟ್ಟಿನ ಗಿರಣಿಯ ನೀಲಗಂಗವ್ವ. ಉರಿಬಿಸಿಲಿನಲ್ಲಿ ಗಿರಣಿ ನಿಲ್ಲಿಸಿ ಮಠಕ್ಕೆ ನಡೆದು ಬಂದಿದ್ದಳು. ಸೆರಗಿನ ತುಂಬ ಜೋಳದ ಹಿಟ್ಟು. ಈ ಸಲ ದರ ಏರಿದರೆ ಗಿರಣಿಗೆ ಬೀಗ ಹಾಕಬೇಕು. ಅದು ಅವಳಿಗೂ ಗೊತ್ತು, ಅಜ್ಜನಿಗೂ ಗೊತ್ತು.

ಮಠದ ಅಜ್ಜ ಕಲ್ಲುಕಟ್ಟೆಯ ಮೇಲೆ ದೀಪದ ಬತ್ತಿ ಹೊಸೆಯುತ್ತ ಕೂತಿದ್ದರು. "ಕೂತುಕೋ ತಾಯಿ, ಮೊದಲು ನೀರು ಕುಡಿ," ಎಂದರು. ಅವಳು ನೀರು ಕುಡಿದ ಮೇಲೆ ಹೇಳತೊಡಗಿದರು.

ಬಯಲಿನಲ್ಲಿ ಒಂದು ಊರು. ಊರಿಗೆಲ್ಲ ಒಂದೇ ಕಣ. ಸುಗ್ಗಿ ಬಂದರೆ ಸಾಕು, ಹೊತ್ತು ಇಳಿಯುವಾಗ ಪಡುವಣದಿಂದ ಗಾಳಿ ಬರುತ್ತಿತ್ತು. ಹೆಂಗಸರು ಮೊರ ಎತ್ತಿ ರಾಶಿ ತೂರುತ್ತಿದ್ದರು. ಕಾಳು ಕಾಲ ಬಳಿ ಬೀಳುತ್ತಿತ್ತು, ಹೊಟ್ಟು ಹಾರಿಹೋಗುತ್ತಿತ್ತು. ಗಾಳಿ ಯಾರನ್ನೂ ಏನೂ ಕೇಳುತ್ತಿರಲಿಲ್ಲ.

ಆ ಊರಿಗೆ ಒಬ್ಬ ವರ್ತಕ ಬಂದ. ಕಣದ ಪಡುವಣಕ್ಕೆ ಎತ್ತರದ ಉಗ್ರಾಣ ಕಟ್ಟಿದ. ಒಳ್ಳೇ ನೆರಳಾಯಿತು ಎಂದು ಊರವರು ಖುಷಿಪಟ್ಟರು. ಆ ಸುಗ್ಗಿಯಲ್ಲಿ ಮೊರ ಎತ್ತಿದರೆ ಕಾಳೂ ಹೊಟ್ಟೂ ಒಟ್ಟಿಗೇ ಬಿದ್ದವು. ಚಿಂತೆ ಬೇಡ, ಗಾಳಿ ನಾನು ಕೊಡುತ್ತೇನೆ ಎಂದ ವರ್ತಕ. ಕಣದಲ್ಲಿ ಕಂಬ ನೆಟ್ಟು ಮನೆಯಷ್ಟು ದೊಡ್ಡ ಬೀಸಣಿಗೆ ಕಟ್ಟಿಸಿದ. ಎರಡು ಕೋಣ ಸುತ್ತು ಹಾಕಿದರೆ ಅದು ಬೀಸುತ್ತಿತ್ತು. ಧೂಳೆದ್ದು ಎಳೆಮಕ್ಕಳು ಕೆಮ್ಮುತ್ತಿದ್ದವು.

ರಾಶಿಗೊಂದು ಸೇರು ಕಾಳು ಕೊಡಿ ಎಂದ. ಮರುವರ್ಷ ಎರಡು ಸೇರು. ಕೋಣದ ಮೇವು ತುಟ್ಟಿಯಾಗಿದೆಯಂತೆ. ಅದರಾಚೆ ನಾಲ್ಕು, ಬಂದ ಕಾಳಿಗೆ ಜಾಗ ಸಾಲದು, ಉಗ್ರಾಣ ಇನ್ನೂ ಎತ್ತರಿಸಬೇಕಂತೆ. ಊರ ಹಿರಿಯರು ಪ್ರತಿ ಸಲವೂ ಚೌಕಾಶಿಗೆ ಹೋಗುತ್ತಿದ್ದರು. ಅವನು ಒಂದು ಸೇರು ಬಿಡುತ್ತಿದ್ದ. ಇವರು ಗೆದ್ದೆವೆಂದು ಹಲಗೆ ಬಾರಿಸುತ್ತ ಮನೆಗೆ ಬರುತ್ತಿದ್ದರು. ಗಾಳಿ ಎಂದರೆ ಕೋಣದ ಉಸಿರು ಎಂದು ನಂಬಿದ ಮಕ್ಕಳು ದೊಡ್ಡವರಾಗಿ, ಅವರಿಗೂ ಮಕ್ಕಳಾದವು.

ಅದೇ ಊರಲ್ಲಿ ಒಬ್ಬ ಮುದುಕಿ ಇದ್ದಳು. ಅವಳು ಸೊಸೆಯಾಗಿ ಬರುವ ಮೊದಲೇ ಉಗ್ರಾಣ ಎದ್ದಿತ್ತು. ಆ ವರ್ಷ ಅವಳಿಗೆ ಬೆಳೆದದ್ದು ಒಂದು ಗಂಟಿನಷ್ಟು ನವಣೆ. ವರ್ತಕ ಎಂಟು ಸೇರು ಕೇಳಿದ. ಹಿರಿಯರು ಹೋಗಿ ಏಳಕ್ಕೆ ಇಳಿಸಿದರು. ಏಳು ಸೇರು ಅಳೆದುಕೊಟ್ಟರೆ ಅವಳಿಗೆ ಬಿತ್ತಲು ಬೀಜವೂ ಉಳಿಯುವುದಿಲ್ಲ. ಅತ್ತ ಹಲಗೆಯ ಸದ್ದು, ಇತ್ತ ಇವಳು ತನ್ನ ಪುಟ್ಟ ರಾಶಿಯ ಪಕ್ಕ ಕೂತಳು. ಕೂತಲ್ಲೇ ಕಣ್ಣು ಮುಚ್ಚಿತು.

ಕನಸಿನಲ್ಲಿ ತೀರಿಹೋದ ಅತ್ತೆ ಕಣದಲ್ಲಿ ನಿಂತು ನವಣೆ ತೂರುತ್ತಿದ್ದಳು. ಕೋಣವಿಲ್ಲ, ಕಂಬವಿಲ್ಲ. ಸೆರಗು ಮಾತ್ರ ಹಕ್ಕಿಯ ಹಾಗೆ ಮೂಡಣಕ್ಕೆ ಹಾರುತ್ತಿತ್ತು.

"ಅತ್ತೀ, ಎಷ್ಟು ಸೇರು ಕೊಟ್ಟಿರಿ?"

"ಯಾರಿಗೆ ಕೊಡಬೇಕಿತ್ತೇ ಹುಚ್ಚಿ?"

ಮುದುಕಿಗೆ ಎಚ್ಚರವಾಯಿತು. ಸೆರಗು ಮೂಡಣಕ್ಕೆ ಹಾರಿದರೆ ಅದನ್ನು ಹಾರಿಸಿದ್ದು ಪಡುವಣದಲ್ಲಿ ಇರಬೇಕು. ನವಣೆ ಗಂಟು ಕಟ್ಟಿ ತಲೆಯ ಮೇಲೆ ಹೊತ್ತು, ಮೊರ ಕಂಕುಳಲ್ಲಿ ಹಿಡಿದಳು. ಉಗ್ರಾಣವನ್ನು ಬಳಸಿಕೊಂಡು, ಗೋಡೆ ದಾಟಿ, ಆಚೆಯ ಬಯಲಿಗೆ ನಡೆದಳು. ಅಲ್ಲಿ ಗಾಳಿ ಇತ್ತು ತಾಯಿ. ಬಾಗಿಲು ಹಾಕಿದ ಮನೆಯ ಮುಂದೆ ನಿಂತ ನೆಂಟನ ಹಾಗೆ, ಅಷ್ಟೂ ವರ್ಷ ದಿನಾ ಬಂದು ನಿಂತು ಹೋಗುತ್ತಿತ್ತು. ಮುದುಕಿಯ ಸೆರಗು ತುಂಬಿಕೊಂಡು ಎದ್ದಿತು. ಅವಳು ಅಳುತ್ತಲೋ ನಗುತ್ತಲೋ ಮೊರ ಎತ್ತಿದಳು. ಕಾಳು ಕಾಲ ಬಳಿ ಬಿತ್ತು. ಹೊಟ್ಟು ಹೋಗಿ ವರ್ತಕನ ಗೋಡೆಗೆ ಬಡಿಯಿತು.

ವರ್ತಕ ಓಡಿಬಂದ. ಹಿಂದೆಯೇ ಊರು ಬಂತು.

"ಏ ಮುದುಕಿ, ಇದು ನನ್ನ ಗೋಡೆಯ ಗಾಳಿ. ಏಳು ಸೇರು ಇಡು!"

"ಅದಿನ್ನೂ ನಿಮ್ಮ ಗೋಡೆ ಮುಟ್ಟಿಲ್ಲ ಸಾವ್ಕಾರ್ರೇ, ಈಗ ಅತ್ತಲೇ ಹೊರಟಿದೆ. ಬಂದ ಮೇಲೆ ಅದರ ಹತ್ತಿರವೇ ವಸೂಲು ಮಾಡಿಕೊಳ್ಳಿ."

ಊರು ಗೊಳ್ಳೆಂದು ನಕ್ಕಿತು. ಹಿರಿಯನೊಬ್ಬ ಮಾತ್ರ ಮುಖ ಸಪ್ಪೆ ಮಾಡಿಕೊಂಡು, ಮೊದಲೇ ಒಂದು ಮಾತು ಹೇಳಿದ್ದರೆ ನಿನಗಾಗಿ ಆರಕ್ಕೇ ಇಳಿಸುತ್ತಿದ್ದೆವಲ್ಲ ಅವ್ವಾ ಎಂದ. ಅಷ್ಟರಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಮನೆಗೆ ಹೋಗಿ ಮೊರ ತಂದರು.

ಅಜ್ಜ ಹೊಸೆದ ಬತ್ತಿಯನ್ನು ತಟ್ಟೆಯಲ್ಲಿಟ್ಟರು. ನೀಲಗಂಗವ್ವ ಆ ಹಿರಿಯನ ಮಾತಿಗೆ ಬಾಯಿತುಂಬ ನಗುತ್ತಿದ್ದಳು. ನಗು ಅರ್ಧಕ್ಕೇ ನಿಂತಿತು.

"ಹಾಗಾದರೆ ನಾಳೆ ನಾನು ಹೋಗುವುದು ಬೇಡವೇ ಅಜ್ಜಾರೇ?"

"ಹೋಗು. ಒಂದು ಪೈಸೆಯೂ ಏರಕೂಡದು ಎಂದು ಅವರ ಮುಖಕ್ಕೇ ಹೇಳು. ಹೆದರಬೇಡ."

ಅವಳು ಏಳಲು ಕೈ ಊರಿದಳು. ಬಿಸಿಲು ಬಿದ್ದಿದ್ದ ಕಟ್ಟೆಯ ಕಲ್ಲು ಸುಟ್ಟಿತು, ಕೈ ಹಿಂದೆ ತೆಗೆದುಕೊಂಡಳು. ಅಜ್ಜ ಬಿಸಿಲಿನ ಕಡೆ ನೋಡಿ ಮೆಲ್ಲಗೆ ಕೇಳಿದರು:

"ದಿನಾ ಬಂದು ಸುಮ್ಮನೆ ಹೋಗುವ ಈ ಬಿಸಿಲಿಗೆ ನಿನ್ನ ಗಿರಣಿಯ ಮೇಲಿನ ತಗಡು ಇಷ್ಟು ಹೊತ್ತಿಗೆ ಎಷ್ಟು ಕಾದಿರಬೇಕು, ಗಂಗವ್ವ?"