ಗಾಣಿಗನ ಜಯಕಾರ

"ಗುರುಗಳೇ, ಒಂದೇ ನಾಡಿನವರು ಎರಡಾಗಿ ಬಡಿದಾಡಲು ಹೊರಟರೆ ಜನ ಅಳಬೇಕಲ್ಲವೇ? ಹಿಗ್ಗಿ ಕುಣಿಯುವುದೇಕೆ?" ಎಂದು ಶಿಷ್ಯ ಮಲ್ಲಿದೇವ ಕೇಳಿದ.

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಂದು ನಾಡಿನ ದೊರೆ ತೀರಿಕೊಂಡ. ಅವನ ಮಕ್ಕಳಿಬ್ಬರೂ ಪಟ್ಟ ತನಗೇ ಬೇಕೆಂದು ಹಟ ಹಿಡಿದರು. ಹೊಳೆಯ ಈಚೆ ದಡದವರು ಹಿರಿಯನ ಕಡೆಯಾದರು, ಆಚೆ ದಡದವರು ಕಿರಿಯನ ಕಡೆಯಾದರು. ಈಚೆ ದಡದ ಊರಿನಲ್ಲಿ ಒಬ್ಬ ಗಾಣಿಗನಿದ್ದ. ಮಗಳನ್ನು ಆಚೆ ದಡಕ್ಕೆ ಕೊಟ್ಟಿದ್ದ. ಮಗ ಅವನ ಜೊತೆ ಗಾಣ ನೋಡಿಕೊಂಡಿದ್ದ.

ದಂಡು ಕೂಡಿಸಲು ದಳವಾಯಿ ಬರುತ್ತಾನೆಂದು ಡಂಗುರ ಸಾರಿದರು. ಮರುದಿನ ಊರೆಲ್ಲ ಬಯಲಿಗೆ ಬಂದು ನಿಂತಿತು. ದಳವಾಯಿಯ ಬಾಯಿಂದ ಯುದ್ಧದ ಮಾತು ಕೇಳುತ್ತಲೇ ಗಾಣಿಗನಿಗೆ ಆಚೆ ದಡದ ಅಳಿಯನ ಮುಖ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಪಕ್ಕದಲ್ಲಿದ್ದ ನೆರೆಮನೆಯ ಕುಂಬಾರ ಕೈಯೆತ್ತಿ ಜಯಕಾರ ಹಾಕಿದ. ಸುತ್ತಲಿದ್ದವರೆಲ್ಲ ಹಾಕಿದರು. ತಾನೊಬ್ಬ ಬಾಯಿ ಮುಚ್ಚಿ ನಿಂತರೆ ಇವನು ಆಚೆ ದಡದವರ ಕಡೆಯವನು ಎಂದು ಆಡಿಕೊಂಡಾರೆಂದು ಗಾಣಿಗನಿಗೆ ಅಂಜಿಕೆಯಾಯಿತು. ಅವನೂ ಕೂಗಿದ. ಆ ಅಂಜಿಕೆಗೇ ಎಲ್ಲರಿಗಿಂತ ಜೋರಾಗಿ ಕೂಗಿದ. ಅಪ್ಪನ ಕೂಗು ಕೇಳಿದ ಮಗ ಹೋಗಿ ದಂಡಿನ ಸಾಲಿನಲ್ಲಿ ನಿಂತ.

ಹೊಳೆಯ ಮರಳಿನಲ್ಲಿ ಕಾಳಗ ನಡೆಯಿತು. ಮಗ ತಿರುಗಿ ಬಂದ. ಅಳಿಯ ಉಳಿಯಲಿಲ್ಲ. ಮಗಳು ಕೂಸನ್ನೆತ್ತಿಕೊಂಡು ತವರಿಗೆ ಬಂದಾಗ ಅಣ್ಣ ಎದ್ದು ಹಿತ್ತಿಲಿಗೆ ಹೋದ. ಆ ಧೂಳಿನಲ್ಲಿ ತನ್ನ ಈಟಿ ಯಾರಿಗೆ ತಗುಲಿತೋ ಅವನಿಗೇ ತಿಳಿದಿರಲಿಲ್ಲ. ತಂಗಿ ಬಡಿಸಿದ ಅನ್ನವನ್ನು ಅವನು ಮತ್ತೆಂದೂ ಉಣ್ಣಲಿಲ್ಲ.

ಕುಂಬಾರ ಮಾತನಾಡಿಸಿಕೊಂಡು ಹೋಗಲು ಬಂದ. ಅವನ ಮಗನೂ ಕಾಳಗದಲ್ಲಿ ಸತ್ತಿದ್ದ.

"ಅಂದು ನೀನು ಕೂಗದಿದ್ದರೆ ನಾನು ಬಾಯಿ ತೆರೆಯುತ್ತಿರಲಿಲ್ಲ ಮಾರಾಯ" ಎಂದ ಗಾಣಿಗ.

"ನನಗೇನು ಯುದ್ಧದ ಹುಚ್ಚಿತ್ತೇ? ಆ ಮಗ್ಗುಲಲ್ಲಿ ಕಮ್ಮಾರ ನಿಂತಿದ್ದ. ಅವನಿಗೆ ಅಂಜಿ ಕೂಗಿದೆ. ಅವನು ಯಾರಿಗೆ ಅಂಜಿದ್ದನೋ!" ಎಂದ ಕುಂಬಾರ.

ಇಬ್ಬರೂ ಜಗಲಿಯ ಮೇಲೆ ತಲೆ ತಗ್ಗಿಸಿ ಕುಳಿತರು. ಒಳಗೆ ಕೂಸು ಅಳುತ್ತಿತ್ತು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಮಲ್ಲಿದೇವನಿಗೆ ತಡೆಯಲಾಗಲಿಲ್ಲ.

"ಆ ಬಯಲಿನಲ್ಲಿ ನಾನಿದ್ದಿದ್ದರೆ ಖಂಡಿತ ಕೂಗುತ್ತಿರಲಿಲ್ಲ ಗುರುಗಳೇ" ಎಂದ.

"ಗಾಣಿಗನೂ ಆ ಬೆಳಿಗ್ಗೆ ಹೆಂಡತಿಗೆ ಹಾಗೆಯೇ ಹೇಳಿ ಮನೆಯಿಂದ ಹೊರಟಿದ್ದ" ಎಂದರು ಗುರುಗಳು.